ಹುಳು ಮನೆ ಕಾಯಿಸೋಕೆ ಕರೆಂಟಾ, ಗ್ಯಾಸಾ, ಇದ್ದಿಲಾ?

ದೀಪಾವಳಿ ಕಳೆದು ಚಳಿ ಶುರುವಾಯಿತು ಅಂದರೆ ರೇಷ್ಮೆ ಸಾಕುವವರಿಂದ ನನಗೆ ಬರುವ ಪ್ರಶ್ನೆ ಒಂದೇ. "ಹುಳು ಮನೆಗೆ ಯಾವ ಹೀಟರ್ ತಗೊಳ್ಳಲಿ? ಕರೆಂಟಿಂದಾ, ಗ್ಯಾಸಿಂದಾ, ಇಲ್ಲ ಹಳೇ ಕಾಲದ ಹಾಗೆ ಇದ್ದಿಲೇ ಸಾಕಾ?" ಮದ್ದೂರು, ಮಳವಳ್ಳಿ ಕಡೆಯವರು ಕೇಳುತ್ತಾರೆ, ಕೆ.ಆರ್.ಪೇಟೆಯವರು ಕೇಳುತ್ತಾರೆ, ಟಿ.ನರಸೀಪುರದವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಪೂರ್ತಿ ಉತ್ತರ ಇಲ್ಲೇ ಬರೆಯುತ್ತೇನೆ.

ಹುಳು ಮನೆ ಒಳಗೆ ಇಡುವ ಹೀಟರ್ ಆದರೆ ಅದು ಕರೆಂಟಿನದೇ ಆಗಿರಲಿ. ಬೆಂಕಿಯೇ ಬೇಕು ಅನ್ನುವುದಾದರೆ ಬೆಂಕಿ ಹೊರಗಿರಲಿ, ಬಿಸಿ ಮಾತ್ರ ಒಳಗೆ ಬರಲಿ. ಹುಳು ಉಸಿರಾಡುವ ಗಾಳಿಯಲ್ಲೇ ಏನನ್ನೂ ಉರಿಸಬೇಡಿ. ಅದೇ ಗಾಳಿಯನ್ನು ನೀವೂ, ನಿಮ್ಮ ಮನೆಯವರೂ ಉಸಿರಾಡುತ್ತೀರಿ ಅಲ್ವಾ.

ಯಾಕೆ ಅಂತ ಹೇಳುವ ಮುಂಚೆ ಎಷ್ಟು ಬಿಸಿ ಬೇಕು ಅನ್ನುವುದು ಗೊತ್ತಿರಬೇಕು. ಚಾಕಿ ಹುಳುವಿಗೆ, ಅಂದರೆ ಗೂಡು ಕಟ್ಟುವ ಮುಂಚಿನ ಐದು ಹಂತಗಳಲ್ಲಿ ಮೊದಲ ಎರಡರ ಮರಿ ಹುಳುವಿಗೆ, 27ರಿಂದ 28 ಡಿಗ್ರಿ ಬೇಕು, ಗಾಳಿಯಲ್ಲಿ ತೇವ 85ರಿಂದ 90 ಶೇಕಡಾ. ಮೂರನೇ ಹಂತಕ್ಕೆ 26 ಡಿಗ್ರಿ, ನಾಲ್ಕಕ್ಕೆ 25, ಐದಕ್ಕೆ 24ರ ಆಸುಪಾಸು. ಹುಳು ದೊಡ್ಡದಾದಂತೆ ಬಿಸಿಯೂ ಕಮ್ಮಿ ಸಾಕು, ತೇವವೂ ಕಮ್ಮಿ ಸಾಕು. ಐದನೇ ಹಂತದಲ್ಲಿ ತೇವ 65ರಿಂದ 70 ಇದ್ದರೆ ಒಳ್ಳೆಯದು. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 15–16 ಡಿಗ್ರಿಗೆ ಇಳಿಯುತ್ತದೆ. ಹಾಗಾಗಿ ಚಾಕಿ ಮನೆಗೆ 11–13 ಡಿಗ್ರಿ ಏರಿಸಬೇಕು, ದೊಡ್ಡ ಹುಳುವಿಗೆ 8–9 ಡಿಗ್ರಿ. ಚಾಕಿ ಕೇಂದ್ರದಿಂದ ಎರಡನೇ ಜ್ವರ (ಮೇಯುವುದು ನಿಲ್ಲಿಸಿ ಪೊರೆ ಕಳಚುವ ಹೊತ್ತು) ಕಳೆದ ಹುಳು ತರುವವರಿಗೆ ಅರ್ಧ ಕಷ್ಟ ಅಲ್ಲೇ ಕಳೆದಿರುತ್ತದೆ.

ಕಾಯಿಸದೇ ಬಿಟ್ಟರೆ ಹುಳು ಒಂದೇ ರಾತ್ರಿಗೆ ಸಾಯುವುದಿಲ್ಲ, ಅದಕ್ಕೇ ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಆದರೆ ಮೇಯುವುದು ನಿಧಾನವಾಗುತ್ತದೆ, ಒಂದು ತಟ್ಟೆ ಜ್ವರಕ್ಕೆ ಕೂತರೆ ಇನ್ನೊಂದು ತಟ್ಟೆ ಇನ್ನೂ ಸೊಪ್ಪು ತಿನ್ನುತ್ತಿರುತ್ತದೆ, ಹಣ್ಣಾಗುವ, ಅಂದರೆ ಗೂಡು ಕಟ್ಟಲು ತಯಾರಾಗುವ, ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೂ ದಿನದ ಸೊಪ್ಪು, ಕೂಲಿ ನಿಮ್ಮ ತಲೆ ಮೇಲೆ. ಚಳಿ, ತೇವ ಎರಡೂ ಸೇರಿದರೆ ಸುಣ್ಣಕಟ್ಟು ರೋಗಕ್ಕೆ (ಹುಳು ಸತ್ತು ಸುಣ್ಣದ ಹಾಗೆ ಗಟ್ಟಿಯಾಗುವ ಬೂಷ್ಟು ರೋಗ) ಹಾಸಿಗೆ ಹಾಸಿಕೊಟ್ಟ ಹಾಗೆ. ಮಿಶ್ರತಳಿ ಸ್ವಲ್ಪ ತಡೆದುಕೊಳ್ಳುತ್ತದೆ. ಬೈವೋಲ್ಟೈನ್ (ಬಿಳಿ ಗೂಡಿನ ನಾಜೂಕು ತಳಿ) ಸಾಕುವವರು ಕಾಯಿಸದೇ ಇರುವ ಹಾಗೇ ಇಲ್ಲ.

ಇದ್ದಿಲಿನಿಂದ ಶುರು ಮಾಡುತ್ತೇನೆ. ಅಪಾಯ ಜಾಸ್ತಿ ಇರುವುದು ಅಲ್ಲೇ, ಜನಕ್ಕೆ ಧೈರ್ಯ ಜಾಸ್ತಿ ಇರುವುದೂ ಅಲ್ಲೇ. "ಹೊಗೆ ಹೋಗುವ ತನಕ ಅಂಗಳದಲ್ಲಿ ಇಟ್ಟು, ಕೆಂಡ ಚೆನ್ನಾಗಿ ಕೆಂಪಾದ ಮೇಲೆ ಒಳಗೆ ತರುತ್ತೇವೆ, ಏನೂ ಆಗಲ್ಲ" ಅಂತ ಹೇಳುತ್ತಾರೆ. ಹೊಗೆ ಇಲ್ಲದ ಕೆಂಡವೇ ಕಾರ್ಬನ್ ಮಾನಾಕ್ಸೈಡ್ ಬಿಡುವುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು. ಮಲಗಿದ್ದವರಿಗೆ ಇದ್ಯಾವುದೂ ಗೊತ್ತಾಗುವುದೇ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಐದನೇ ಹಂತದಲ್ಲಿ ರಾತ್ರಿ ಸೊಪ್ಪು ಹಾಕಬೇಕು ಅಂತ ಎಷ್ಟು ಜನ ಹುಳು ಮನೆಯಲ್ಲೇ ಚಾಪೆ ಹಾಸಿಕೊಳ್ಳುತ್ತಾರೆ ಅಂತ ನಿಮಗೇ ಗೊತ್ತು. ಕಿಟಕಿಗೆ ಗೋಣಿ, ಬಾಗಿಲಿಗೆ ಟಾರ್ಪಾಲ್, ಮೂಲೆಯಲ್ಲಿ ಕೆಂಡದ ಒಲೆ, ಪಕ್ಕದಲ್ಲಿ ಮಲಗಿರುವ ಮನುಷ್ಯ. ದಯವಿಟ್ಟು ಹೀಗೆ ಮಾಡಬೇಡಿ.

ಇದರಲ್ಲಿ ಇನ್ನೊಂದು ಮೋಸ ಇದೆ. "ಹುಳು ಆರಾಮಾಗಿ ಮೇಯುತ್ತಿದೆ, ಗಾಳಿ ಕೆಟ್ಟಿದ್ದರೆ ಹುಳು ಸಾಯಬೇಕಿತ್ತಲ್ಲ" ಅಂತ ಕೇಳುತ್ತಾರೆ. ಹುಳುವಿನ ಉಸಿರಾಟ ನಮ್ಮಂಥದ್ದಲ್ಲ. ಮೈಯ ಎರಡೂ ಬದಿ 9 ಜೊತೆ ಸಣ್ಣ ರಂಧ್ರಗಳಿವೆ, ಅವುಗಳಿಂದ ಗಾಳಿ ಕೊಳವೆಗಳ ಮೂಲಕ ನೇರವಾಗಿ ಒಳಗೆ ಹೋಗುತ್ತದೆ. ಆಮ್ಲಜನಕವನ್ನು ರಕ್ತ ಹೊತ್ತು ತಿರುಗುವ ವ್ಯವಸ್ಥೆ ಅದಕ್ಕೆ ಇಲ್ಲ. ಹಾಗಾಗಿ ಮನುಷ್ಯನನ್ನು ಕೊಲ್ಲುವಷ್ಟು ಕಾರ್ಬನ್ ಮಾನಾಕ್ಸೈಡ್ ಇದ್ದರೂ ಹುಳು ಮೇಯುತ್ತಿರಬಹುದು. ಹುಳು ನೋಡಿ ಗಾಳಿ ಅಳೆಯಬೇಡಿ. ಹಾಗಂತ ಹುಳುವಿಗೆ ಬೆಂಕಿಯಿಂದ ತೊಂದರೆ ಇಲ್ಲ ಅಂತಲೂ ಅಲ್ಲ. ಹೊಗೆ, ಗಂಧಕದ ಅನಿಲ, ಇಂಗಾಲದ ಡೈಆಕ್ಸೈಡ್ ಇವೆಲ್ಲ ಹುಳುವನ್ನು ಸೋಲಿಸುತ್ತವೆ, ಅದರಲ್ಲೂ ಚಾಕಿ ಹುಳು ಬೇಗ ಸೋಲುತ್ತದೆ.

ಗ್ಯಾಸಿನ ಆಸೆ ಹುಟ್ಟಿಸುವುದು ಜಾಸ್ತಿ ಯೂಟ್ಯೂಬೇ. ಅಮೆರಿಕದಲ್ಲಿ ಕಾರು ನಿಲ್ಲಿಸುವ ಗ್ಯಾರೇಜಿಗೆ ಇಡುವ ಪ್ರೊಪೇನ್ ಹೀಟರ್ ವಿಡಿಯೋ ನೋಡಿ "ಇದನ್ನ ತರಿಸಿಬಿಡ್ಲಾ?" ಅಂತ ಲಿಂಕ್ ಕಳಿಸುತ್ತಾರೆ. ಅಲ್ಲಿ ಹೊರಗೆ ಹಿಮ ಬಿದ್ದಿರುತ್ತದೆ, ಕೆಲಸ ಮಾಡುವವನು ಒಂದೆರಡು ಗಂಟೆ ದಪ್ಪ ಕೋಟು ಹಾಕಿಕೊಂಡೇ ಇದ್ದು ಆಮೇಲೆ ಮನೆಯೊಳಗೆ ಹೋಗುತ್ತಾನೆ. ಅಂಥ ಹೀಟರುಗಳ ಮೇಲೂ ಬಾಗಿಲು ಸ್ವಲ್ಪ ತೆರೆದಿಡಿ, ಅದನ್ನು ಹಚ್ಚಿಟ್ಟು ಮಲಗಬೇಡಿ ಅಂತ ಬರೆದಿರುತ್ತದೆ. ನಮ್ಮದು ಇಡೀ ರಾತ್ರಿ, ವಾರಗಟ್ಟಲೆ ನಡೆಯುವ ಕೆಲಸ. ಒಂದು ಕೆಜಿ ಗ್ಯಾಸ್ ಉರಿಯಲು 12 ಘನ ಮೀಟರ್ ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಮ್ಮಿಯಾದಂತೆ ನೀಲಿ ಜ್ವಾಲೆ ಹಳದಿಗೆ ತಿರುಗುತ್ತದೆ, ಆಗ ಗ್ಯಾಸೂ ಇದ್ದಿಲಿನ ಹಾಗೇ ವಿಷ ಬಿಡುತ್ತದೆ.

ಎಷ್ಟೋ ಜನಕ್ಕೆ ಗೊತ್ತಿಲ್ಲದ ವಿಷಯ ಅಂದರೆ ಗ್ಯಾಸ್ ಉರಿದಾಗ ನೀರೂ ಹುಟ್ಟುತ್ತದೆ. ಒಂದು ಕೆಜಿ ಗ್ಯಾಸಿಗೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಕೋಣೆಯೊಳಗೆ ಸೇರುತ್ತದೆ. ಬೆಳಿಗ್ಗೆ ಚಾವಣಿ ಶೀಟಿನ ಅಡಿಯಲ್ಲಿ ಹನಿ ಕಟ್ಟಿ ತಟ್ಟೆ ಮೇಲೆ ತೊಟ್ಟಿಕ್ಕುವುದು ಇದರಿಂದಲೇ. ಚಾಕಿ ಹಂತದಲ್ಲಿ ತೇವ ಬೇಕು, ಸರಿ. ಆದರೆ ಹುಳು ಜ್ವರದಲ್ಲಿದ್ದಾಗ ಹಾಸಿಗೆ ಒಣಗಿರಲಿ ಅಂತ ಸುಣ್ಣ ಉದುರಿಸುವವರು ನಾವು. ಹಣ್ಣಾದ ಹುಳು ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟಿ) ಹತ್ತಿ ಗೂಡು ಕಟ್ಟುವಾಗ ಹುಳುವೇ ಎಷ್ಟೋ ನೀರು ಹೊರಗೆ ಹಾಕುತ್ತದೆ. ಆಗ ಗಾಳಿ ಆಡಬೇಕು, ತೇವ 60–65ರ ಹತ್ತಿರ ಇರಬೇಕು, ಇಲ್ಲದಿದ್ದರೆ ನೂಲು ಸರಿಯಾಗಿ ಬಿಚ್ಚುವುದಿಲ್ಲ, ಮಾರುಕಟ್ಟೆಯಲ್ಲಿ ಗೂಡು ಕೈಯಲ್ಲಿ ಹಿಡಿದ ರೀಲರ್‌ಗೆ (ನೂಲು ಬಿಚ್ಚುವವರಿಗೆ) ಅದು ಗೊತ್ತಾಗುತ್ತದೆ, ರೇಟು ಬೀಳುತ್ತದೆ. ಅಂಥ ಹೊತ್ತಿಗೆ ಗ್ಯಾಸ್ ಹಚ್ಚಿ ಇನ್ನಷ್ಟು ಆವಿ ತುಂಬಿಸುವುದು ಯಾವ ಲೆಕ್ಕಕ್ಕೂ ಸರಿಯಲ್ಲ. ಮನೆಯ 14.2 ಕೆಜಿ ಸಿಲಿಂಡರನ್ನು ಇಂಥ ಕೆಲಸಕ್ಕೆ ಬಳಸುವ ಹಾಗೂ ಇಲ್ಲ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿಕೊಂಡಿರುತ್ತದೆ, ಹಾಗಾಗಿ ಮೇಲಿನ ಕಿಂಡಿ ತೆರೆದಿದೆ ಅಂತ ಧೈರ್ಯ ಬೇಡ.

ಸೀಮೆಎಣ್ಣೆ ಬೇಡವೇ ಬೇಡ. ಅದಕ್ಕೂ ಗಾಳಿ ಬೇಕು, ಅದೂ ನೀರು ಬಿಡುತ್ತದೆ, ಜೊತೆಗೆ ವಾಸನೆ, ಮಸಿ, ಗಂಧಕ. ಕೈಗೆ ಅಂಟಿದ ಎಣ್ಣೆ ಸೊಪ್ಪಿಗೆ ಹತ್ತಿದರೂ ಕಷ್ಟ.

ಇನ್ನು ಕರೆಂಟು. ಹೊಗೆ ಇಲ್ಲ, ವಿಷ ಇಲ್ಲ, ನೀರಿನ ಆವಿ ಇಲ್ಲ, ಥರ್ಮೋಸ್ಟಾಟ್ ಇಟ್ಟರೆ ತಾನೇ ಆರುತ್ತದೆ, ತಾನೇ ಹತ್ತುತ್ತದೆ. ಗಾಳಿ ಒಣಗುತ್ತದೆ ಅನ್ನುವ ದೂರಿಗೆ ಮದ್ದು ಸುಲಭ. ಚಾಕಿ ಹಂತದಲ್ಲಿ ಒದ್ದೆ ಗೋಣಿ ನೇತುಹಾಕಿ, ಇಲ್ಲ ಹ್ಯುಮಿಡಿಫೈಯರ್ ಇಡಿ. ತೇವ ಬೇಕಾದಾಗ ಸೇರಿಸಬಹುದು, ಬೇಡವಾದಾಗ ನಿಲ್ಲಿಸಬಹುದು, ಆ ಹಿಡಿತ ಬೆಂಕಿಯಲ್ಲಿ ಸಿಗುವುದಿಲ್ಲ.

ಕರೆಂಟಿನ ನಿಜವಾದ ತೊಂದರೆ ಬಿಲ್ಲಿಗಿಂತ ವೋಲ್ಟೇಜಿನದು. ಹೀಟರಿನ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 2000 ವಾಟ್ ಕೊಡುವ ಹೀಟರು 180 ವೋಲ್ಟಿಗೆ ಕೊಡುವುದು 1200 ವಾಟ್ ಅಷ್ಟೇ. "ಹೀಟರ್ ಡಬ್ಬಾ, ಬಿಸಿಯೇ ಆಗಲ್ಲ" ಅನ್ನುವವರು ಮೊದಲು ರಾತ್ರಿ ಹೊತ್ತು ತಮ್ಮ ಬೋರ್ಡಿನಲ್ಲಿ ಎಷ್ಟು ವೋಲ್ಟ್ ಬರುತ್ತದೆ ಅಂತ ನೋಡಲಿ. 2000 ವಾಟ್ ಅಂದರೆ ಸುಮಾರು 9 ಆಂಪಿಯರ್. ಇದಕ್ಕೆ 16 ಆಂಪಿಯರಿನ ಪವರ್ ಪಾಯಿಂಟೇ ಬೇಕು, ದಪ್ಪ ವೈರು ಬೇಕು, ಅರ್ಥಿಂಗ್ ಬೇಕು. ಬಲ್ಬಿನ ಹೋಲ್ಡರಿಂದ ಎಳೆದ ತೆಳು ವೈರು ರಾತ್ರಿಯೆಲ್ಲಾ ಕಾದು ಹೊತ್ತಿಕೊಂಡರೆ ಹುಳು ಮನೆಯಲ್ಲಿ ಒಣ ಬಿದಿರು, ಕಾಗದ, ಕಡ್ಡಿ ಬಿಟ್ಟು ಇನ್ನೇನಿದೆ? ಪಂಪ್‌ಸೆಟ್ಟಿನ ಲೈನಿಂದ ಎಳೆಯುವ ಯೋಚನೆಯನ್ನೂ ಬಿಡಿ. 10 ಎಚ್‌ಪಿವರೆಗಿನ ಆ ಪುಕ್ಕಟೆ ಕರೆಂಟು ನೀರೆತ್ತುವುದಕ್ಕೆ ಮಾತ್ರ ಕೊಟ್ಟಿರುವುದು, ನಮಗೆ ಬೇಕಾದ ಹೊತ್ತಿಗೆ ಅದು ಬರುವುದೂ ಇಲ್ಲ.

ಬಿಲ್ ಲೆಕ್ಕ ಹೀಗೆ ಹಾಕಿ. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಬಿಸಿ ಇದೆ, ಒಂದು ಕೆಜಿ ಗ್ಯಾಸಿನಲ್ಲಿ 12–13 ಯೂನಿಟ್, ಒಂದು ಕೆಜಿ ಒಳ್ಳೇ ಇದ್ದಿಲಿನಲ್ಲಿ 8, ಚೆನ್ನಾಗಿ ಒಣಗಿದ ಸೌದೆಯಲ್ಲಿ 4. ನಿಮ್ಮೂರಿನ ರೇಟನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದು ಯೂನಿಟ್ ಬಿಸಿ ಎಷ್ಟಕ್ಕೆ ಬೀಳುತ್ತದೆ ಗೊತ್ತಾಗುತ್ತದೆ. ಆದರೆ ಬೆಂಕಿ ಒಳಗಿದ್ದಾಗ ಕಿಟಕಿ ತೆರೆದಿಡಬೇಕಲ್ಲ, ಅಲ್ಲಿ ಹೊರಗೆ ಹೋಗುವ ಬಿಸಿಯನ್ನೂ ಕಳೆಯಿರಿ. ಉಳಿತಾಯ ಅಂದುಕೊಂಡಿದ್ದರಲ್ಲಿ ಅಲ್ಲೇ ಎಷ್ಟೋ ಹೋಗಿಬಿಡುತ್ತದೆ.

ಇಂಧನಕ್ಕಿಂತ ದೊಡ್ಡ ವಿಷಯ ಚಾವಣಿ. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಮನೆ ಇಟ್ಟುಕೊಳ್ಳಿ. ಅದರೊಳಗಿನ ಗಾಳಿಯನ್ನು 10 ಡಿಗ್ರಿ ಏರಿಸಲು ಕಾಲು ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ಸಾಕು. ಬಿಸಿ ಎಲ್ಲಾ ಹೋಗುವುದು ಶೀಟು, ಗೋಡೆಗಳ ಮೂಲಕ. ಬರೀ ಶೀಟಿನ ಚಾವಣಿಯೊಂದರಿಂದಲೇ ಗಂಟೆಗೆ ಒಂದೂವರೆ ಯೂನಿಟ್ಟಿಗೂ ಜಾಸ್ತಿ ಹೋಗುತ್ತದೆ, ಗೋಡೆಯಿಂದ ಇನ್ನೊಂದು ಯೂನಿಟ್‌ಗೂ ಮೇಲೆ. ಶೀಟಿನ ಕೆಳಗೆ ಒಂದಡಿ ಬಿಟ್ಟು ಗೋಣಿ ಇಲ್ಲ ಟಾರ್ಪಾಲಿನ ಎರಡನೇ ಚಾವಣಿ ಕಟ್ಟಿದರೆ ಮೇಲಿನ ನಷ್ಟ ಅರ್ಧದಷ್ಟಾಗುತ್ತದೆ. ಹೀಟರಿಗೆ ದುಡ್ಡು ಹಾಕುವ ಮುಂಚೆ ಇದಕ್ಕೆ ಹಾಕಿ. ಬೇಸಿಗೆಯಲ್ಲೂ ಇದೇ ಚಾವಣಿ ನಿಮ್ಮ ಹುಳುವನ್ನು ಕಾಪಾಡುತ್ತದೆ. ಬಿಸಿ ಗಾಳಿ ಮೇಲೇ ನಿಲ್ಲುತ್ತದೆ, ಹಾಗಾಗಿ ಥರ್ಮಾಮೀಟರ್ ಅನ್ನು ಗೋಡೆ ಮೇಲೆ ಎತ್ತರಕ್ಕೆ ನೇತುಹಾಕದೆ ತಟ್ಟೆಯ ಮಟ್ಟದಲ್ಲಿ ಇಡಿ. ತೇವ ತಿಳಿಯಲು ಒಣ, ಹಸಿ ಎರಡೂ ಓದುವ ಥರ್ಮಾಮೀಟರ್ ಇರಲಿ.

ಕರೆಂಟು ನೆಚ್ಚಿಕೊಳ್ಳಲು ಆಗದ ಊರಿನವರಿಗೆ ನನಗೆ ಇಷ್ಟವಾದ ದಾರಿ ಹೊರಗಿನ ಒಲೆ. ಗೋಡೆಯ ಆಚೆ ಒಲೆ, ಅದರ ಹೊಗೆ ಕಬ್ಬಿಣದ ಕೊಳವೆಯಲ್ಲಿ ಹುಳು ಮನೆಯೊಳಗೆ ಹಾದು ಇನ್ನೊಂದು ಬದಿಯಲ್ಲಿ ಚಾವಣಿಗಿಂತ ಮೇಲೆ ಹೊರಗೆ ಹೋಗಬೇಕು. ಕೊಳವೆಯ ಮೈ ಕಾದು ಕೋಣೆ ಬಿಸಿಯಾಗುತ್ತದೆ. ಕೊಳವೆಯ ಕೀಲುಗಳಲ್ಲಿ ಸಣ್ಣ ಸೀಳೂ ಇರಬಾರದು, ಪ್ರತಿ ಬೆಳೆಗೆ ಮುಂಚೆ ಮಸಿ ತೆಗೆಯಬೇಕು, ಕೊಳವೆಯಿಂದ ಬಿದಿರು, ಕಾಗದ ದೂರ ಇರಬೇಕು. ಇದಕ್ಕೆ ಸೌದೆ ನಮ್ಮ ಮನೆಯಲ್ಲೇ ಇದೆ. ರೆಂಬೆ ಸಮೇತ ಸೊಪ್ಪು ಹಾಕುವವರ ಹತ್ತಿರ ಬೆಳೆ ಮುಗಿದ ಮೇಲೆ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತದೆ. ಬಿಸಿಲಿಗೆ ಹಾಕಿ ಮುರಿದರೆ ಪಟ್ ಅನ್ನುವಷ್ಟು ಒಣಗಿಸಿ, ಮಳೆ ಬೀಳದ ಕಡೆ ಕಟ್ಟಿಡಿ. ತೆಂಗಿನ ಚಿಪ್ಪೂ ಚೆನ್ನಾಗಿ ಉರಿಯುತ್ತದೆ. ಕಬ್ಬಿನ ರವದಿ ಭುಗ್ ಅಂತ ಹತ್ತಿ ಆರಿಹೋಗುತ್ತದೆ, ರಾತ್ರಿ ಕಾಯಿಸಲು ಪ್ರಯೋಜನ ಇಲ್ಲ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆಯವರಿಗೆ ಒಂದು ಮಾತು. ಹೊಗೆಸೊಪ್ಪಿನ ಕಡ್ಡಿ ಪುಕ್ಕಟೆ ಸಿಗುತ್ತದೆ ಅಂತ ಒಲೆಗೆ ಹಾಕಬೇಡಿ, ಹೊರಗಿನ ಒಲೆಗೂ ಬೇಡ. ನಿಕೋಟಿನ್ ರೇಷ್ಮೆ ಹುಳುವಿಗೆ ವಿಷ. ಹೊಗೆಸೊಪ್ಪಿನ ಹೊಲದ ಪಕ್ಕ ಹಿಪ್ಪುನೇರಳೆ ನೆಡಬೇಡಿ ಅನ್ನುವುದೂ ಅದಕ್ಕೇ. ಬಣ್ಣ ಹಚ್ಚಿದ ಹಳೇ ಮರ, ಪ್ಲಾಸ್ಟಿಕ್, ಔಷಧಿ ಹೊಡೆದ ಬೆಳೆಯ ಕಡ್ಡಿ ಇವೂ ಬೇಡ. ಹಾಗೇ ಹುಳು ಮನೆಯಲ್ಲಿ ಮಲಗುವವರು ಸೊಳ್ಳೆ ಬತ್ತಿ ಹಚ್ಚಬೇಡಿ, ಸೊಳ್ಳೆ ಕೊಲ್ಲುವ ಔಷಧಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಸೊಳ್ಳೆ ಪರದೆ ಕಟ್ಟಿಕೊಳ್ಳಿ.

"ಮಧ್ಯರಾತ್ರಿ ಕರೆಂಟ್ ಹೋದರೆ ಏನು ಮಾಡಲಿ, ಆಗಲಾದರೂ ಇದ್ದಿಲು ಒಳಗೆ ಇಡಬಹುದಾ?" ಅಂತ ಕೊನೆಗೆ ಕೇಳುವವರು ಇದ್ದೇ ಇರುತ್ತಾರೆ. ಇಡಬೇಡಿ. ಎರಡನೇ ಚಾವಣಿ ಕಟ್ಟಿದ ಮನೆ ಒಂದೆರಡು ಗಂಟೆಯಲ್ಲಿ ಪೂರ್ತಿ ತಣ್ಣಗಾಗುವುದಿಲ್ಲ. ಚಾಕಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಕೆಳಗೆ ಪ್ಯಾರಾಫಿನ್ ಕಾಗದ ಮುಚ್ಚಿ. ದೊಡ್ಡ ಹುಳು ಆದರೆ ಕರೆಂಟ್ ಬರುವ ತನಕ ಮುಂದಿನ ಸೊಪ್ಪು ಹಾಕುವುದನ್ನು ಸ್ವಲ್ಪ ತಡ ಮಾಡಿ, ಚಳಿಗೆ ತಿನ್ನದೆ ಬಿಟ್ಟ ಸೊಪ್ಪು ಹಾಸಿಗೆಯಲ್ಲಿ ಉಳಿದರೆ ತೇವ ಏರುತ್ತದೆ. ಕೆಲವು ಗಂಟೆಯ ಚಳಿಯಿಂದ ಹುಳು ಚೇತರಿಸಿಕೊಳ್ಳುತ್ತದೆ.