ಬ್ರಿಜಿಡ್ ತಾಯಿಯ ಇಪ್ಪತ್ತನೇ ರಾತ್ರಿ

ಐರ್ಲೆಂಡಿನಲ್ಲಿ ಫೆಬ್ರವರಿ 1ಕ್ಕೆ ವಸಂತ ಶುರು ಅಂತಾರೆ. ಕಿಟಕಿಯಾಚೆ ನೋಡಿದರೆ ನಂಬೋದು ಕಷ್ಟ. ಕೊರೆಯುವ ಗಾಳಿ, ಬಿಡದ ಮಳೆ, ಸಂಜೆ ಐದು ದಾಟಿದರೆ ಕತ್ತಲು. ಆದರೂ ಅಲ್ಲಿನ ಹಳೆಯ ಜನ ಇದೇ ದಿನವನ್ನು ಇಂಬೋಲ್ಕ್ ಹಬ್ಬವಾಗಿ ಆಚರಿಸಿದರು. ಡಿಸೆಂಬರಿನ ಅತಿ ಉದ್ದದ ರಾತ್ರಿ ಕಳೆದಿದೆ. ಹಗಲು ರಾತ್ರಿ ಸಮವಾಗುವ ಮಾರ್ಚಿಗೆ ಇನ್ನೂ ಅರ್ಧ ದಾರಿ ಇದೆ. ಗಬ್ಬದ ಕುರಿಗಳ ಕೆಚ್ಚಲಿಗೆ ಹಾಲಿಳಿಯುವ ಕಾಲ. ಹಬ್ಬಕ್ಕೆ ಅಷ್ಟು ಸಾಕಾಗಿತ್ತು.

ತಾರಾ ಬೆಟ್ಟದ ಮೇಲೆ ಸುಮಾರು 5,000 ವರ್ಷ ಹಳೆಯ ಸಮಾಧಿಯ ದಿಬ್ಬವೊಂದಿದೆ. ಈ ಹಬ್ಬದ ಆಸುಪಾಸಿನ ದಿನಗಳಲ್ಲಿ ಹುಟ್ಟುವ ಸೂರ್ಯನ ಬೆಳಕು ಅದರ ಒಳದಾರಿಗೆ ನೇರವಾಗಿ ಬೀಳುತ್ತದೆ. ಐರಿಷ್‌ನಂಥ ಕೆಲ್ಟಿಕ್ ಭಾಷೆಗಳು ಆ ನೆಲಕ್ಕೆ ಬರುವ ಮೊದಲೇ ಈ ಬಿಸಿಲಿಗಾಗಿ ಕಾದವರು ಇದ್ದರು ಅಂತಾಯಿತು.

ಹಬ್ಬದ ದೇವಿ ಬ್ರಿಜಿಡ್. ಕವಿಗಳು ಪೂಜಿಸುತ್ತಿದ್ದ ದೇವತೆ, ದಾಗ್ದನೆಂಬ ದೇವರ ಮಗಳು ಎಂದು ಸುಮಾರು 900ನೇ ಇಸವಿಯ ಒಂದು ಐರಿಷ್ ಪದಕೋಶ ಹೇಳುತ್ತದೆ. ಅದೇ ಹೆಸರಿನ ಇನ್ನಿಬ್ಬರು ಅಕ್ಕತಂಗಿಯರಲ್ಲಿ ಒಬ್ಬಳು ಮದ್ದಿಗೆ, ಇನ್ನೊಬ್ಬಳು ಕಮ್ಮಾರಿಕೆಗೆ. ಕಿಲ್ಡೇರ್ ಊರಿನಲ್ಲಿ ಮಠ ಕಟ್ಟಿದ ಕ್ರೈಸ್ತ ಸಂತಳ ಹೆಸರೂ ಬ್ರಿಜಿಡ್, ಅವಳ ದಿನವೂ ಫೆಬ್ರವರಿ 1. ಇಬ್ಬರೂ ಒಬ್ಬರೇನಾ? ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ. ನನಗೆ ಆ ವಾದದಲ್ಲಿ ಜಾಸ್ತಿ ಆಸಕ್ತಿ ಇಲ್ಲ. ನನ್ನನ್ನು ಹಿಡಿದದ್ದು ಕಿಲ್ಡೇರಿನ ಬೆಂಕಿ.

12ನೇ ಶತಮಾನದ ಕೊನೆಯಲ್ಲಿ ಐರ್ಲೆಂಡಿಗೆ ಬಂದಿದ್ದ ವೇಲ್ಸಿನ ಪಾದ್ರಿ ಜೆರಾಲ್ಡ್ ಅದರ ಬಗ್ಗೆ ಬರೆದಿಟ್ಟಿದ್ದಾನೆ. ಅದು ಆರದ ಬೆಂಕಿ, ನಮ್ಮ ನಂದಾದೀಪದ ಹಾಗೆ. ಸುತ್ತ ಬೇಲಿ. ಒಳಗೆ ಗಂಡಸರು ಕಾಲಿಡುವಂತಿಲ್ಲ. ಹತ್ತೊಂಬತ್ತು ಸನ್ಯಾಸಿನಿಯರು ಸರದಿಯಂತೆ ಒಬ್ಬೊಬ್ಬರು ಒಂದೊಂದು ರಾತ್ರಿ ಕಾಯುತ್ತಾರೆ. ಎಷ್ಟು ಸೌದೆ ಉರಿದರೂ ಬೂದಿ ಹೆಚ್ಚೋದಿಲ್ಲ ಅಂತಲೂ ಬರೆದಿದ್ದಾನೆ. ಬೂದಿಯ ಪವಾಡ ನನಗೆ ಅಷ್ಟು ತಟ್ಟಲಿಲ್ಲ. ತಟ್ಟಿದ್ದು ಇಪ್ಪತ್ತನೇ ರಾತ್ರಿ. ಅಂದು ಹತ್ತೊಂಬತ್ತನೆಯವಳು ಪಕ್ಕದಲ್ಲಿ ಸೌದೆ ಜೋಡಿಸಿಟ್ಟು, ‘ತಾಯೀ, ನಿನ್ನ ಬೆಂಕಿ ನೀನೇ ನೋಡಿಕೋ, ಈ ರಾತ್ರಿ ನಿನ್ನದು’ ಎಂಬರ್ಥದ ಮಾತು ಹೇಳಿ ಹೊರಟುಬಿಡುತ್ತಾಳೆ. ಬೆಳಿಗ್ಗೆ ಬಂದು ನೋಡಿದರೆ ಸೌದೆ ಉರಿದಿರುತ್ತದೆ, ಬೆಂಕಿ ಆರಿರೋದಿಲ್ಲ.

ಹತ್ತೊಂಬತ್ತು ರಾತ್ರಿ ಕಾಯೋದಕ್ಕೆ ನಿಷ್ಠೆ ಸಾಕು. ಇಪ್ಪತ್ತನೆಯದನ್ನು ಬಿಟ್ಟು ಹೋಗೋದಕ್ಕೆ ಇನ್ನೇನೋ ಬೇಕು. ವ್ರತ ಹಿಡಿದವರಿಗೆ ಗೊತ್ತು, ಒಂದು ವಾರ ತಪ್ಪಿದರೆ ಎಲ್ಲ ಹೋಯಿತು ಅನ್ನೋ ದಿಗಿಲು ಎಂಥದು ಅಂತ. ನಾವು ಹಚ್ಚದಿದ್ದರೆ ದೇವರು ಕತ್ತಲಲ್ಲಿ ಕೂರುತ್ತಾನೆ ಅನ್ನೋ ಹಾಗೆ ಒದ್ದಾಡುತ್ತೇವೆ, ಅಲ್ವಾ? ಇವರು ಅಂಥ ಒಂದು ರಾತ್ರಿಯನ್ನು ಲೆಕ್ಕದೊಳಗೇ ಸೇರಿಸಿಕೊಂಡಿದ್ದರು. ಹಾಗಂತ ಸೋಮಾರಿತನವೂ ಅಲ್ಲ, ಸೌದೆ ಜೋಡಿಸಿಟ್ಟೇ ಹೋಗುತ್ತಿದ್ದಳು!

16ನೇ ಶತಮಾನದಲ್ಲಿ ಮಠಗಳನ್ನು ಮುಚ್ಚಿಸಿದಾಗ ಈ ಬೆಂಕಿಯೂ ಉಳಿಯಲಿಲ್ಲ. 1993ರಲ್ಲಿ ಸಂತ ಬ್ರಿಜಿಡ್ ಹೆಸರಿನ ಸಂಘದ ಬ್ರಿಜಿಡೀನ್ ಸನ್ಯಾಸಿನಿಯರು ಕಿಲ್ಡೇರಿನಲ್ಲಿ ಮತ್ತೆ ಹೊತ್ತಿಸಿದರು. 2006ರಿಂದ ಊರ ಚೌಕದಲ್ಲೂ ಒಂದು ಜ್ವಾಲೆ ಉರಿಯುತ್ತಿದೆ. 2023ರಿಂದ ಬ್ರಿಜಿಡ್ ಹೆಸರಲ್ಲಿ ಸರ್ಕಾರಿ ರಜೆಯೂ ಇದೆ. ಹಳೆಯ ದೇವತೆಗಳನ್ನು ಪೂಜಿಸುವವರು, ಚರ್ಚಿಗೆ ಹೋಗುವವರು, ಇಬ್ಬರೂ ಕಿಲ್ಡೇರಿಗೆ ಬರುತ್ತಾರೆ.

ಮನೆಯ ಆಚರಣೆಗಳಲ್ಲೂ ಬ್ರಿಜಿಡ್ ತಾನೇ ಬರಲಿ ಅಂತ ಜಾಗ ಬಿಟ್ಟಿರುತ್ತಾರೆ. ಹಬ್ಬದ ಹಿಂದಿನ ರಾತ್ರಿ ಒಂದು ಬಟ್ಟೆಯನ್ನು ಹೊರಗೆ ಇಡುತ್ತಾರೆ. ಅವಳು ಹಾದು ಹೋಗುವಾಗ ಮುಟ್ಟುತ್ತಾಳೆ. ಆಮೇಲೆ ಅದು ವರ್ಷವಿಡೀ ತಲೆನೋವಿಗೆ ಮದ್ದು, ಹಸು ಕರು ಹಾಕುವಾಗ ಕಾವಲು. ಉತ್ತರದ ಡೊನೆಗಾಲ್ ಕಡೆ ಇನ್ನೊಂದು ಪದ್ಧತಿ ಇತ್ತು. ಮನೆಯವರಲ್ಲಿ ಒಬ್ಬರು ಜೊಂಡಿನ ಹೊರೆ ಹೊತ್ತು ಬಾಗಿಲಾಚೆ ನಿಲ್ಲುತ್ತಾರೆ. ‘ಮಂಡಿಯೂರಿ, ಕಣ್ಣು ತೆರೆಯಿರಿ, ಬ್ರಿಜಿಡ್‌ಳನ್ನು ಒಳಗೆ ಕರೆದುಕೊಳ್ಳಿ’ ಅಂತ ಕೂಗುತ್ತಾರೆ. ಒಳಗಿದ್ದವರು ‘ಬರಲಿ, ಬರಲಿ’ ಅನ್ನುತ್ತಾರೆ. ಆಮೇಲೆ ಊಟ, ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ. ಊಟ ಮುಗಿಸಿ ಎಲ್ಲರೂ ಕೂತು ಅದೇ ಜೊಂಡಿನಿಂದ ಶಿಲುಬೆ ಹೆಣೆಯುತ್ತಾರೆ. ಒಂದು ಮನೆಗೆ, ಇನ್ನೊಂದು ಕೊಟ್ಟಿಗೆಗೆ.