ಚಾಕುವಿನ ಹಿಡಿಗೆ ಕೊಟ್ಟ ದುಡ್ಡು ಎಲ್ಲಿ ಹೋಗುತ್ತದೆ?

ಕೈಯಲ್ಲಿ ಬಡಿದು ಮಾಡಿದ ಅಡುಗೆ ಚಾಕುಗಳಿಗೆ ಹಿಡಿ ಕೂರಿಸುವುದು ನನ್ನ ಕೆಲಸ. ಕಬ್ಬಿಣ ಕಾಯಿಸಿ ಬಡಿಯುವವರು, ಹದ ಹಾಕುವವರು, ಸಾಣೆ ಹಿಡಿಯುವವರು ಬೇರೆ. ನನ್ನ ಮೇಜಿಗೆ ಬರುವಾಗ ಅಲಗು ಪೂರ್ತಿಯಾಗಿರುತ್ತದೆ, ಹಿಂದುಗಡೆ ಬೋಳು ಬಾಲವೊಂದೇ ಬಾಕಿ. ಆ ಬಾಲಕ್ಕೆ ನಾವು ಟ್ಯಾಂಗ್ ಅನ್ನುತ್ತೇವೆ. "ಇರುವ ಹಿಡಿಯೇ ಸಾಕೋ, ನನಗೆಂದೇ ಒಂದು ಮಾಡಿಸಿಕೊಳ್ಳಲೋ? ಅಷ್ಟು ದುಡ್ಡು ಕೊಡುವುದಕ್ಕೆ ಅರ್ಥವಿದೆಯೇ?" ಎಂದು ಗಿರಾಕಿಗಳು ಕೇಳುವುದು ನನ್ನನ್ನೇ. ಬಹಳ ದಿನ ನಾನು ಮರದ ತುಂಡುಗಳ ಪೆಟ್ಟಿಗೆ ತೆರೆದಿಟ್ಟು "ಯಾವುದು ಇಷ್ಟವೋ ಆರಿಸಿಕೊಳ್ಳಿ" ಎನ್ನುತ್ತಿದ್ದೆ. ಅದು ತಪ್ಪು ಎಂದು ಒಂದು ಚಾಕು ಕಲಿಸಿತು.

ಅದರ ಒಡತಿ ದೊಡ್ಡ ಅಡುಗೆಮನೆಯೊಂದರಲ್ಲಿ ಬಾಣಸಿಗರು. ದಿನಕ್ಕೆ ಏಳೆಂಟು ಗಂಟೆ ಚಾಕು ಕೈಯಲ್ಲೇ. 21 ಸೆಂಟಿಮೀಟರಿನ, ಬಹಳ ತೆಳುವಾಗಿ ಸಾಣೆ ಹಿಡಿದ ಒಳ್ಳೆಯ ಅಲಗು. ಪೆಟ್ಟಿಗೆಯಿಂದ ಅವರು ಆರಿಸಿದ್ದು ಮೇಪಲ್ ಮರದ ಗಂಟಿನ ತುಂಡು. ಸುಳಿಸುಳಿಯಾದ ಎಳೆ, ಬೆಳಕಿಗೆ ಹಿಡಿದರೆ ಒಳಗೆ ಏನೋ ಹರಿದಾಡಿದಂತೆ ಕಾಣುತ್ತಿತ್ತು. ಅದಕ್ಕೆ ಒಪ್ಪುತ್ತದೆಂದು ಹಿಡಿಯ ಬಾಯಿಗೆ ಹಿತ್ತಾಳೆಯ ಅಣಸು, ಅಂದರೆ ಬಳೆಯಂಥ ಕಟ್ಟು, ಹಾಕಿದೆ. ಎರಡು ದಿನದ ಕೆಲಸ. ಅಷ್ಟು ಚಂದದ ಹಿಡಿಯನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ.

ಮೂರು ತಿಂಗಳಿಗೆ ಅವರು ಮರಳಿ ಬಂದರು. ದೂರು ಹೇಳಲು ಸಂಕೋಚ ಅವರಿಗೆ. "ಚಾಕು ನೋಡೋಕೆ ತುಂಬಾ ಚೆನ್ನಾಗಿದೆ. ಆದರೆ ಸಂಜೆ ಹೊತ್ತಿಗೆ ಮಣಿಕಟ್ಟು ಹಿಡಿದುಕೊಳ್ಳುತ್ತೆ. ಈಗ ಹಳೇ ಚಾಕೇ ಬಳಸ್ತಿದ್ದೀನಿ" ಎಂದರು.

ಚಾಕುವನ್ನು ತೋರುಬೆರಳ ಮೇಲೆ ಅಡ್ಡ ಇಟ್ಟು ನೋಡಿದೆ. ತೂಕ ಸಮನಾಗುವ ಜಾಗ ಹಿಡಿಯೊಳಕ್ಕೆ, ಅಣಸಿಗಿಂತಲೂ ಹಿಂದಕ್ಕೆ ಹೋಗಿತ್ತು. ಒಂದು ಹಲಗೆ, ಒಂದಿಷ್ಟು ತರಕಾರಿ ಕೊಟ್ಟು ಹೆಚ್ಚಲು ಹೇಳಿದೆ. ಈ ಕೆಲಸವನ್ನು ಮೂರು ತಿಂಗಳ ಹಿಂದೆಯೇ ಮಾಡಬೇಕಿತ್ತು. ಅವರು ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಲೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳು ಎರಡೂ ಅಲಗಿನ ಬುಡವನ್ನು ಚಿವುಟಿ ಹಿಡಿದಿದ್ದವು, ಉಳಿದ ಮೂರು ಬೆರಳು ಹಿಡಿಯ ಮುಂಭಾಗವನ್ನು ಸುಮ್ಮನೆ ಆತುಕೊಂಡಿದ್ದವು. ಹಿಡಿಯ ಹಿಂದಿನ ಅರ್ಧಕ್ಕೆ ಕೈ ಸೋಕಲೇ ಇಲ್ಲ. ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಉಜ್ಜಿ ಹೊಳಪು ಕೊಟ್ಟಿದ್ದು ಅದೇ ಅರ್ಧಕ್ಕೆ. ಅವರ ತೋರುಬೆರಳ ಬುಡದಲ್ಲಿ ಒಂದು ಗಟ್ಟಿ ಜಡ್ಡು ಇತ್ತು. ಅಲಗಿನ ಬೆನ್ನಿನ ಚೂಪು ಮೂಲೆ ಸರಿಯಾಗಿ ಅಲ್ಲೇ ಒತ್ತುತ್ತಿತ್ತು.

ಹಿತ್ತಾಳೆ ನೀರಿಗಿಂತ ಸುಮಾರು ಎಂಟೂವರೆ ಪಟ್ಟು ಭಾರ. ಮರದ ಗಂಟು ತಾನಾಗಿ ಅಷ್ಟು ತೂಗದಿದ್ದರೂ, ಬಿರುಕು ಬಿಡದಿರಲೆಂದು ಅದಕ್ಕೆ ರಾಳ ಕುಡಿಸಿರುತ್ತಾರೆ: ನಿರ್ವಾತದಲ್ಲಿ ಮರದೊಳಗಿನ ಗಾಳಿ ಹೊರಗೆಳೆದು, ಆ ಜಾಗಕ್ಕೆ ರಾಳ ತುಂಬಿ, ಒಲೆಯಲ್ಲಿ ಗಟ್ಟಿ ಮಾಡುವುದು. ಮರ ನೀರಿಗೆ ಜಗ್ಗದಂತಾಗುತ್ತದೆ, ಜೊತೆಗೆ ತೂಕವೂ ಏರುತ್ತದೆ. ಕಳಚಿ ತೂಗಿದಾಗ ಆ ಹಿಡಿ 130 ಗ್ರಾಂ ಬಂತು. ತೆಳು ಅಲಗಿನ ಹಿಂದೆ ಅಷ್ಟು ತೂಕ ನೇತುಹಾಕಿದರೆ ಮುಂಭಾಗ ಸದಾ ಮೇಲಕ್ಕೇ ಏಳುತ್ತದೆ, ಅದನ್ನು ಪ್ರತಿ ಸಲ ಒತ್ತಿ ಇಳಿಸುವ ಕೆಲಸ ಮಣಿಕಟ್ಟಿನ ಪಾಲಿಗೆ.

ಕಳಚುವುದೂ ಸುಲಭವಿರಲಿಲ್ಲ. ಎಪಾಕ್ಸಿ ಅಂಟು ಶಾಖಕ್ಕೆ ಮೆತ್ತಗಾಗುತ್ತದೆ, ನಿಜ. ಆದರೆ ಇಂಥ ಅಲಗಿನ ಗಡಸು ಉಕ್ಕನ್ನು ಮತ್ತೆ ಕಾಯಿಸಿ ಹದ ಇಳಿಸಿರುವುದೇ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಬಿಸಿ ಅದನ್ನು ದಾಟಿ ಅಲಗಿನ ಹೆಚ್ಚುವ ಅಂಚಿನವರೆಗೆ ಹರಿದರೆ ಅಲಗು ಮೆದುವಾಗಿ ಕೆಟ್ಟಂತೆ. ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಹಿಡಿಗೆ ಸ್ವಲ್ಪ ಸ್ವಲ್ಪವೇ ಶಾಖ ಕೊಟ್ಟು, ಕೊನೆಗೆ ಮರವನ್ನು ಎಳೆಗುಂಟ ಸೀಳಿಯೇ ತೆಗೆದೆ. ಕೈ ನಡುಗಿತು.

ಹೊಸ ಹಿಡಿಗೆ ಹಗುರ ಮರ, ಕೋಣದ ಕೊಂಬಿನ ಅಣಸು ತೆಗೆದುಕೊಂಡೆ. ಜಪಾನಿನ ಚಾಕುಗಳಲ್ಲಿ ಇದು ಹಳೆಯ ಪದ್ಧತಿ: ಮ್ಯಾಗ್ನೋಲಿಯಾ ಮರದ ಸರಳ ಹಿಡಿ, ಬಾಯಿಗೆ ಕೊಂಬು. ಸವೆದರೆ ಬಡಿದು ಕಳಚಿ ಇನ್ನೊಂದು ಹಾಕುವುದು. ಅಲಗು ಉಳಿಯಬೇಕಾದ್ದು, ಹಿಡಿ ಬದಲಾಗಬೇಕಾದ್ದು ಎಂಬ ಆ ಲೆಕ್ಕ ನನಗೆ ಬಹಳ ಸರಿಯೆನಿಸುತ್ತದೆ. ಮರವನ್ನು ಒರಟಾಗಿ ಎಂಟು ಮೂಲೆಗೆ ಕೆತ್ತಿ, ಮೇಲೆಲ್ಲ ನೀಲಿ ಸೀಮೆಸುಣ್ಣ ಬಳಿದು, ಹತ್ತು ನಿಮಿಷ ಹೆಚ್ಚಿ ಎಂದು ಅವರ ಕೈಗೆ ಕೊಟ್ಟೆ. ಆಮೇಲೆ ನೋಡಿದರೆ ಸುಣ್ಣ ಮೂರು ಕಡೆ ಮಾತ್ರ ಅಳಿಸಿತ್ತು. ಮುಂದೆ ಎಡಬದಿಯಲ್ಲಿ ಹೆಬ್ಬೆರಳ ಬುಡದಷ್ಟು, ಕೆಳಗೆ ನಡುಬೆರಳು ಕೂರುವಲ್ಲಿ, ಹಿಂದೆ ಕಿರುಬೆರಳು ಆಗಾಗ ತಾಗುವಲ್ಲಿ ಒಂದು ಗೆರೆ. ಮುಂಭಾಗವನ್ನು ಅರದಿಂದ ಎರಡು ಮಿಲಿಮೀಟರಿನಷ್ಟು ಸಣ್ಣ ಮಾಡಿದೆ. ಮತ್ತೆ ಸುಣ್ಣ ಬಳಿದು ಕೊಟ್ಟೆ. ಮೂರನೇ ಸುತ್ತಿಗೆ ಅವರು ಹೆಚ್ಚುತ್ತ ಹೆಚ್ಚುತ್ತ ಮಾತಾಡತೊಡಗಿದರು, ಕೈ ಕಡೆ ನೋಡುವುದನ್ನೇ ಬಿಟ್ಟರು. ಅಲ್ಲಿಗೆ ನಿಲ್ಲಿಸಿದೆ. ಹಿಡಿಯ ತೂಕ 50 ಗ್ರಾಂ, ಸಮತೂಕದ ಜಾಗ ಅವರು ಚಿವುಟಿ ಹಿಡಿಯುವಲ್ಲಿಗೇ ಬಂದಿತ್ತು.

ಇಷ್ಟೆಲ್ಲ ಆದಮೇಲೆ ಅಲಗಿನ ಬೆನ್ನಿನ ಆ ಚೂಪು ಮೂಲೆಯನ್ನು ಉಪ್ಪು ಕಾಗದದಲ್ಲಿ ಉಜ್ಜಿ ದುಂಡು ಮಾಡಿದೆ. ಹತ್ತು ನಿಮಿಷದ ಕೆಲಸ. ಅವರಿಗೆ ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟದ್ದು ಅದೇ ಎಂದು ಆಮೇಲೆ ಹೇಳಿದರು.

ಹಾಗಾಗಿ ದುಡ್ಡಿನ ಪ್ರಶ್ನೆಗೆ ಈಗ ನನ್ನ ಉತ್ತರ ಬೇರೆ. ಬೇಡಿಕೆಯ ಮೇಲೆ ಮಾಡುವ ಹಿಡಿಯಲ್ಲಿ ಮೂರಕ್ಕೆ ದುಡ್ಡು ಹೋಗುತ್ತದೆ: ಮರದ ಚಂದ, ಕೈಗೆ ಹೊಂದಿಸುವ ಹೊತ್ತು, ಕಣ್ಣಿಗೆ ಕಾಣದ ಒಳಗಿನ ಕೆಲಸ. ಚಂದಕ್ಕೆ ಕೊಡಬೇಡಿ ಎನ್ನುವುದಿಲ್ಲ. ದಿನವೂ ಮುಟ್ಟುವ ವಸ್ತು ಚಂದವಿರಲಿ ಎಂಬ ಆಸೆ ನನಗೂ ಇದೆ. ಆದರೆ ಚಂದಕ್ಕೆ ಕೊಟ್ಟರೆ ಚಂದವೇ ಸಿಗುವುದು, ಹೆಚ್ಚುವುದು ಹಗುರವಾಗುವುದಿಲ್ಲ.

ಕಾಣದ ಕೆಲಸಕ್ಕೆ ಮಾತ್ರ ಚೌಕಾಸಿ ಮಾಡಬೇಡಿ. ಮರ ಚೆನ್ನಾಗಿ ಒಣಗಿರಬೇಕು. ನನ್ನ ತೇವ ಅಳೆಯುವ ಮೀಟರಿನಲ್ಲಿ ಶೇಕಡಾ 8ರಿಂದ 10ಕ್ಕೆ ಇಳಿಯದ ತುಂಡನ್ನು ನಾನು ಮುಟ್ಟುವುದಿಲ್ಲ. ಮರ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ, ಹಿಗ್ಗುತ್ತದೆ. ಉಕ್ಕು ಹಾಗೆ ಮಾಡದು. ಟ್ಯಾಂಗಿನ ಎರಡೂ ಬದಿಗೆ ಮರ ಅಂಟಿಸುವ ಹಿಡಿಗೆ ಹಸಿ ಮರ ಹಾಕಿದರೆ ಕೆಲವೇ ತಿಂಗಳಲ್ಲಿ ಟ್ಯಾಂಗಿನ ಅಂಚು ಬೆರಳಿಗೆ ತಾಗತೊಡಗುತ್ತದೆ. ಬೀಟೆಯಂಥ ಎಣ್ಣೆಯ ಮರವನ್ನು ಅಂಟು ಹಚ್ಚುವ ಮುಂಚೆ ಅಸಿಟೋನಿನಿಂದ ಒರೆಸಬೇಕು, ಇಲ್ಲವಾದರೆ ಎಪಾಕ್ಸಿ ಕಚ್ಚದು. ಅಂಟು ಒಣಗುವವರೆಗೆ ಒತ್ತಿ ಹಿಡಿಯುವ ಕ್ಲ್ಯಾಂಪನ್ನು ಶಕ್ತಿಯೆಲ್ಲ ಹಾಕಿ ಬಿಗಿದರೆ ಅಂಟು ಪೂರ್ತಿ ಹೊರಗೆ ಹಿಂಡಿಹೋಗಿ ಒಳಗೆ ಒಣ ಮೈ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಟ್ಯಾಂಗ್ ಹಿಡಿಯೊಳಗೆ ಹೋಗುವ ಬಾಯಿ. ಅಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ತೊಳೆದಾಗಲೆಲ್ಲ ನೀರು ಇಳಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಒಳಗಿನಿಂದಲೇ ಒತ್ತಿ ಒತ್ತಿ ಮರವನ್ನು ಸೀಳುತ್ತದೆ. ದುರಸ್ತಿಗೆ ನನ್ನಲ್ಲಿಗೆ ಬರುವ ಹಿಡಿಗಳಲ್ಲಿ ಹೆಚ್ಚಿನವು ಹೀಗೇ ಸೀಳಿದವು. ಮೇಲೆ ಕನ್ನಡಿಯಂಥ ಹೊಳಪು, ಒಳಗೆ ಕೆಂಪು ಪುಡಿ. ಹಿಡಿ ಮಾಡಿಸುವವರು "ಬಾಯಿಯನ್ನು ಹೇಗೆ ಮುಚ್ಚುತ್ತೀರಿ?" ಎಂದು ಕೇಳಬೇಕು. ನೆಟ್ಟಗೆ ಉತ್ತರ ಬರದಿದ್ದರೆ ಬೇರೆ ಕಡೆ ಹೋಗಬೇಕು.

ಬೀಟೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಆ ಕುಲದ ಬಹುತೇಕ ಎಲ್ಲ ಮರಗಳೂ 2017ರಿಂದ ಸೈಟಿಸ್, ಅಂದರೆ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಮೂಲದ ಕಾಗದಪತ್ರ ಇಲ್ಲದ ತುಂಡನ್ನು ನಾನು ಕೊಳ್ಳುವುದಿಲ್ಲ. ಅದರ ಪುಡಿಗೆ ಕೆಲವರ ಚರ್ಮ ಕೆರಳುವುದೂ ಉಂಟು, ಮಾಸ್ಕ್ ಇಲ್ಲದೆ ಉಜ್ಜಬೇಡಿ. ದಿನವಿಡೀ ಒದ್ದೆ ಕೈಯಲ್ಲಿ ಕೆಲಸ ಮಾಡುವವರಿಗೆ ಮೈಕಾರ್ಟಾ ಹೇಳುತ್ತೇನೆ. ಬಟ್ಟೆಯ ಪದರಗಳನ್ನು ರಾಳದಲ್ಲಿ ಅದ್ದಿ ಒತ್ತಿದ ವಸ್ತು ಅದು, ನೀರಿಗೆ ಜಗ್ಗುವುದಿಲ್ಲ, ಹೊಳಪು ಕೊಡದೆ ಬಿಟ್ಟರೆ ಒದ್ದೆಯಲ್ಲೂ ಜಾರುವುದಿಲ್ಲ.

ಯಾರಿಗೆ ಬೇಡ? ಮೊದಲ ಒಳ್ಳೆಯ ಚಾಕು ಕೊಳ್ಳುತ್ತಿರುವವರಿಗೆ ಬೇಡ. ನಿಮ್ಮ ಹಿಡಿತ ಇನ್ನೂ ಗಟ್ಟಿಯಾಗಿರುವುದಿಲ್ಲ, ಆ ದುಡ್ಡನ್ನು ಅಲಗಿಗೂ ಒಂದು ಸಾಣೆಕಲ್ಲಿಗೂ ಹಾಕಿ. ಹೆಚ್ಚುವ ಅಂಚಿನ ಹಿಂದೆ ದಪ್ಪವಿರುವ ಅಲಗಿಗೂ ಬೇಡ, ಎಂಥ ಹಿಡಿ ಹಾಕಿದರೂ ಅದು ತರಕಾರಿಯನ್ನು ಹೆಚ್ಚುವುದಿಲ್ಲ, ಸೀಳುತ್ತದೆ. ಎಡಗೈಯವರು ಮಾತ್ರ ಹಿಂದೆಮುಂದೆ ನೋಡದೆ ಮಾಡಿಸಿಕೊಳ್ಳಿ. ಒಂದು ಬದಿಗೆ ಏಣು ಬಿಟ್ಟ ಸಿದ್ಧ ಹಿಡಿಗಳು ಸಾಮಾನ್ಯವಾಗಿ ಬಲಗೈಗೆಂದೇ ಇರುತ್ತವೆ, ಆ ಏಣು ನಿಮ್ಮ ಅಂಗೈಗೆ ಚುಚ್ಚುತ್ತದೆ. ಕೈ ತೀರ ಚಿಕ್ಕದು, ತೀರ ದೊಡ್ಡದು, ಗಂಟುನೋವು ಇರುವವರಿಗೂ ಇದೇ ಮಾತು.

ಈಗ ಮರದ ಪೆಟ್ಟಿಗೆ ಕೊನೆಗೆ ತೆರೆಯುತ್ತೇನೆ. ಮೊದಲು ಹಲಗೆ, ಸೀಮೆಸುಣ್ಣ.

ಆ ಬಾಣಸಿಗರು ಹೋದ ತಿಂಗಳು ಸಿಪ್ಪೆ ಹೆರೆಯುವ ಸಣ್ಣ ಚಾಕು ತಂದಿದ್ದರು, ಇದಕ್ಕೂ ಹಿಡಿ ಮಾಡಿಕೊಡಿ ಎಂದು. ಹೆರೆದು ತೋರಿಸಿ ಎಂದೆ. ಆ ಚಾಕು ಅವರ ಬೆರಳುಗಳಲ್ಲೇ ಆಡುತ್ತಿತ್ತು, ಅಂಗೈಗೆ ಬರಲೇ ಇಲ್ಲ. ಇರುವ ಹಿಡಿಯೇ ಇರಲಿ ಎಂದು ಬೆನ್ನಿನ ಮೂಲೆ ಮಾತ್ರ ದುಂಡು ಮಾಡಿ ಕೊಟ್ಟೆ.