ಸ್ಮಾ-ಒನ್ ಮತ್ತು ಬಳ್ಳಾರಿಯ ಏಪ್ರಿಲ್

ಕಾಲೇಜು ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ಬರೆಯುವಾಗ ಗುರುಗಳನ್ನು, ಕ್ಯಾಂಟೀನನ್ನು ನೆನೆಯುವುದು ವಾಡಿಕೆ. ನಮ್ಮ ಜೀನೋಮಿಕ್ಸ್ ಲ್ಯಾಬಿನ ಮಟ್ಟಿಗೆ ನೆನಪೆಂದರೆ ರೆಕಾರ್ಡ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿಕೊಂಡ ಟಿಪ್ಪಣಿಗಳೇ. ಪ್ರೋಟೋಕಾಲ್ ಬರೆದವರು ಬಳ್ಳಾರಿಯ ಬೇಸಿಗೆ ಕಂಡವರಲ್ಲ. ಆ ಕೊರತೆ ತುಂಬಿದ್ದು ಈ ಅಂಚಿನ ಬರಹ. ಈಗ ಎಂಎಸ್ಸಿ ಓದುತ್ತಿರುವವರಿಗೆ ಬೇಕಾದೀತು. ಹೆಚ್ಚಿನವು ರಕ್ತದಿಂದ ಡಿಎನ್‌ಎ ತೆಗೆದು, ಹೃದ್ರೋಗದ ಮಾತ್ರೆಯೊಂದು ರೋಗಿಯಲ್ಲಿ ಕೆಲಸ ಮಾಡೀತೇ ಎಂದು ನೋಡುವ ಪರೀಕ್ಷೆಯವು; ಸ್ಮಾ-ಒನ್ ಅದರಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವ.

ಮೊದಲು ರಕ್ತ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ, ನೇರಳೆ ಮುಚ್ಚಳದ ಟ್ಯೂಬೇ ಆಗಬೇಕು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ಬಂದರೆ ಡಿಎನ್‌ಎ ಸಿಗುತ್ತದೆ, ಆದರೆ ಬೇಕಾದ ತುಂಡನ್ನು ಲಕ್ಷಾಂತರ ಪ್ರತಿ ಮಾಡುವ ಪಿಸಿಆರ್ ಕೈಕೊಡುತ್ತದೆ. ಹೆಪಾರಿನ್ ಡಿಎನ್‌ಎ ಜೊತೆಗೇ ಉಳಿದು ಆ ಪ್ರತಿ ಮಾಡುವ ಪಾಲಿಮರೇಸ್ ಕಿಣ್ವವನ್ನು ತಡೆಯುತ್ತದೆ. ಕೊಪ್ಪಳ, ರಾಯಚೂರಿನಿಂದ ಬಸ್ಸಿನಲ್ಲಿ ಬರುವ ಸ್ಯಾಂಪಲ್ಲಿಗೆ ಐಸ್ ಪ್ಯಾಕ್ ಬೇಕು, ಆದರೆ ಟ್ಯೂಬು ಅದಕ್ಕೆ ತಾಗಬಾರದು, ನಡುವೆ ಪೇಪರ್ ಸುತ್ತಿ. ರಕ್ತ ಮಂಜುಗಡ್ಡೆಯಾಗಿ ಮತ್ತೆ ಕರಗಿದರೆ ಡಿಎನ್‌ಎ ಇರುವ ಬಿಳಿಕಣಗಳು ಒಡೆದು, ಕೆಂಪುಕಣ ತೊಳೆಯುವ ಹಂತದಲ್ಲೇ ಡಿಎನ್‌ಎ ಹರಿದು ಹೋಗುತ್ತದೆ.

ಕೆಂಪುಕಣ ಒಡೆಸಿದ ಮೇಲೆ ಟ್ಯೂಬಿನ ತಳದ ಮುದ್ದೆ ಬೆಳ್ಳಗಿರಬೇಕು. ಗುಲಾಬಿ ಕಂಡರೆ ಇನ್ನೊಮ್ಮೆ ತೊಳೆಯಿರಿ, ಉಳಿದ ಹೀಮ್ (ರಕ್ತಕ್ಕೆ ಕೆಂಪು ಬಣ್ಣ ಕೊಡುವ ಅಂಶ) ಕೂಡ ಪಿಸಿಆರ್‌ಗೆ ಅಡ್ಡಿ. ಆಮೇಲೆ 56 ಡಿಗ್ರಿಯಲ್ಲಿ ಪ್ರೋಟೀನ್ ಒಡೆಯುವ ಪ್ರೋಟಿನೇಸ್-ಕೆ ಕಿಣ್ವ, 6 ಮೋಲಾರ್ ಉಪ್ಪಿನ ನೀರು, ಸೆಂಟ್ರಿಫ್ಯೂಜ್, ಮೇಲಿನ ತಿಳಿಗೆ ಎರಡರಷ್ಟು ತಣ್ಣನೆಯ ಎಥನಾಲ್. ಬಿಳಿ ನೂಲು ಮೇಲೇಳುತ್ತದೆ, ಅದೇ ಡಿಎನ್‌ಎ. ಅದನ್ನು 70% ಎಥನಾಲಿನಲ್ಲಿ ತೊಳೆದು ಒಣಗಿಸುವಾಗ ನಮ್ಮ ಊರಿನಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಬೇಸಿಗೆಯ ಒಣ ಗಾಳಿಗೆ ಅದು ಬೇಗ ಒಣಗುತ್ತದೆ, ಅತಿಯಾಗಿ ಒಣಗಿದ ಡಿಎನ್‌ಎ ಅದನ್ನು ಕರಗಿಸಿಡುವ ಟಿಇ ಬಫರ್ ದ್ರಾವಣದಲ್ಲಿ ಸುಲಭಕ್ಕೆ ಕರಗುವುದಿಲ್ಲ. ಶುದ್ಧತೆ ತಿಳಿಸುವ 260/280 ಅನುಪಾತ (ಎರಡು ತರಂಗಾಂತರಗಳ ಬೆಳಕನ್ನು ಹೀರುವ ಪ್ರಮಾಣ) 1.8ರ ಆಸುಪಾಸು ಇದ್ದರೆ ಸರಿ. 1.6ಕ್ಕಿಂತ ಕೆಳಗಿದ್ದರೆ ಪ್ರೋಟೀನ್ ಉಳಿದಿದೆ.

ಇನ್ನು ಅಸಲಿ ತಲೆನೋವು. ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಕ್ಲೊಪಿಡೋಗ್ರೆಲ್ ಮಾತ್ರೆ ಹಾಗೇ ಕೆಲಸ ಮಾಡುವುದಿಲ್ಲ. ಯಕೃತ್ತಿನ ಸಿವೈಪಿ2ಸಿ19 ಕಿಣ್ವ ಅದನ್ನು ಸಕ್ರಿಯಗೊಳಿಸಬೇಕು. ಈ ಜೀನಿನ 681ನೇ ಸ್ಥಾನದಲ್ಲಿ ಡಿಎನ್‌ಎ ಅಕ್ಷರ ಜಿ ಇದ್ದಲ್ಲಿ ಎ ಬಂದರೆ, ಅಂದರೆ ಸ್ಟಾರ್-2 ರೂಪವಿದ್ದರೆ, ಆರ್‌ಎನ್‌ಎ ತಪ್ಪು ಜಾಗದಲ್ಲಿ ಕತ್ತರಿಸಿಕೊಂಡು ಕಿಣ್ವ ನಿಷ್ಕ್ರಿಯವಾಗುತ್ತದೆ. ಈ ರೂಪ ಯುರೋಪಿನವರಿಗಿಂತ ದಕ್ಷಿಣ ಏಷ್ಯಾದವರಲ್ಲಿ ಹೆಚ್ಚು. ಅಮೆರಿಕದ ಎಫ್‌ಡಿಎ 2010ರಲ್ಲೇ ಮಾತ್ರೆಯ ಲೇಬಲ್ಲಿನಲ್ಲಿ ಚೌಕಟ್ಟು ಕಟ್ಟಿ ಎಚ್ಚರಿಕೆ ಹಾಕಿಸಿತು.

ಪರೀಕ್ಷೆ ಕಾಗದದ ಮೇಲೆ ಸುಲಭ. ಪಿಸಿಆರ್‌ನಲ್ಲಿ 169 ಬೇಸ್ ಜೋಡಿ (ಡಿಎನ್‌ಎ ಅಕ್ಷರಗಳ ಜೋಡಿ) ಉದ್ದದ ತುಂಡು ಬರುತ್ತದೆ. ಸಾಮಾನ್ಯ ರೂಪದಲ್ಲಿ ಸಿಸಿಸಿಜಿಜಿಜಿ ಎಂಬ ಸಾಲು ಇರುವುದರಿಂದ ಸ್ಮಾ-ಒನ್ ಕಿಣ್ವ ಅದನ್ನು 120 ಮತ್ತು 49ಕ್ಕೆ ಕತ್ತರಿಸುತ್ತದೆ. ಸ್ಟಾರ್-2ರಲ್ಲಿ ಆ ಸಾಲು ಕೆಟ್ಟಿರುತ್ತದೆ, ತುಂಡು 169 ಆಗಿಯೇ ಉಳಿಯುತ್ತದೆ. ತೊಡಕೇನೆಂದರೆ ಸ್ಮಾ-ಒನ್‌ಗೆ ಹಿತವಾದ ಉಷ್ಣತೆ 25 ಡಿಗ್ರಿ. 37ರಲ್ಲಿ ಕಾಲು ಗಂಟೆಯಲ್ಲೇ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ‘ಕೋಣೆಯ ಉಷ್ಣತೆಯಲ್ಲಿ ಇಡಿ’ ಎಂಬ ಪ್ರೋಟೋಕಾಲ್ ನಂಬಿ ಏಪ್ರಿಲ್ ಮಧ್ಯಾಹ್ನ ಬೆಂಚಿನ ಮೇಲಿಟ್ಟರೆ ಕಿಣ್ವದ ಕಥೆ ಮುಗಿಯಿತು. ವಾಟರ್ ಬಾತ್ ಬಿಸಿ ಮಾಡಬಲ್ಲದು, ತಣ್ಣಗಾಗಿಸಲಾರದು. ಪಿಸಿಆರ್ ಯಂತ್ರ ಎರಡನ್ನೂ ಮಾಡುತ್ತದೆ, ಅದರಲ್ಲೇ 25ಕ್ಕೆ ಇಡಿ, ಮುಚ್ಚಳದ ಬಿಸಿ ಆರಿಸುವುದನ್ನು ಮರೆಯಬೇಡಿ.

ಕತ್ತರಿಕೆ ಅರ್ಧಕ್ಕೆ ನಿಂತರೆ ಏನೂ ಬಾರದೆ ಹೋಗುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಅದೇ ಅಪಾಯ. ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸುವುದು ಜೆಲ್. ಪೂರ್ತಿ ಸಾಮಾನ್ಯ ರೂಪದವರ ಜೆಲ್‌ನಲ್ಲೂ 169 ಮತ್ತು 120 ಎರಡೂ ಪಟ್ಟಿ ಕಂಡು, ಜೀನಿನ ಎರಡು ಪ್ರತಿಗಳಲ್ಲಿ ಒಂದು ಸ್ಟಾರ್-2 ಎಂದು ಓದಿಬಿಡುತ್ತೀರಿ. ಹೀಗಾಗಿ ಪ್ರತಿ ಬ್ಯಾಚಿನಲ್ಲೂ ಗೊತ್ತಿರುವ ಸಾಮಾನ್ಯ ಸ್ಯಾಂಪಲ್ ಒಂದು ಜೊತೆಗೆ ಓಡಬೇಕು. ಅದರಲ್ಲಿ 169 ಉಳಿದರೆ ಇಡೀ ಬ್ಯಾಚ್ ರದ್ದು. ಜೆಲ್ 3% ಇರಲಿ. 49ರ ಪಟ್ಟಿ ಮಸುಕು, ಅದನ್ನು ನಂಬಿ ಕೂರಬೇಡಿ. ವರದಿಯಲ್ಲಿ ನೋಡಿದ್ದು ಸ್ಟಾರ್-2 ಮಾತ್ರ ಎಂದು ಬರೆಯಿರಿ. ಇದೇ ಜೀನಿನ ಸ್ಟಾರ್-3, ಸ್ಟಾರ್-17 ರೂಪಗಳನ್ನು ನೋಡದೆ ‘ಸಾಮಾನ್ಯ’ ಎಂದು ಷರಾ ಹಾಕುವುದು ಸುಳ್ಳು.

ಸೀಕ್ವೆನ್ಸಿಂಗ್ ಡೇಟಾದ ಬಗ್ಗೆ ಒಂದೆರಡು ಮಾತು ಸಾಕು. ಫೈಲು ಜಿಆರ್‌ಸಿಎಚ್37ರದೋ 38ರದೋ (ಮಾನವ ಜೀನೋಮಿನ ಮಾದರಿ ನಕ್ಷೆಯ ಎರಡು ಆವೃತ್ತಿಗಳು) ಮೊದಲು ನೋಡಿ, ಎರಡರಲ್ಲಿ ಸ್ಥಾನದ ಸಂಖ್ಯೆಗಳೇ ಬೇರೆ. ರೂಪಾಂತರ ಅಪರೂಪವೋ ಅಲ್ಲವೋ ಎಂದು ವಿದೇಶಿ ದತ್ತಾಂಶವೊಂದನ್ನೇ ನೋಡಿ ತೀರ್ಮಾನಿಸಬೇಡಿ. ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಭಾರತೀಯರ ದತ್ತಾಂಶವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದ್ದಾರೆ.

ಆನುವಂಶಿಕ ಕಾಯಿಲೆಯ ಕಾರಣ ಹುಡುಕುವಾಗ ಯಂತ್ರಕ್ಕಿಂತ ಕಷ್ಟದ್ದು ವಂಶವೃಕ್ಷ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದುಂಟು, ಸೋದರತ್ತೆಯ ಮಗನಿಗೆ ಕೊಡುವುದುಂಟು. ಫಾರಂನಲ್ಲಿ ಎರಡಕ್ಕೂ ಒಂದೇ ಟಿಕ್ ಹಾಕಿದರೆ ಲೆಕ್ಕ ತಪ್ಪುತ್ತದೆ: ಸೋದರಮಾವನೊಂದಿಗಿನ ಮದುವೆಯಲ್ಲಿ ಹುಟ್ಟಿದ ಮಗುವಿನ ಜೀನೋಮಿನ ಸರಾಸರಿ ಎಂಟನೇ ಒಂದು ಪಾಲು ಎರಡೂ ಕಡೆಯಿಂದ ಒಂದೇ ಪೂರ್ವಜರ ಪ್ರತಿಯಾಗಿರುತ್ತದೆ, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಹದಿನಾರನೇ ಒಂದು. “ಸಂಬಂಧದಾಗ ಮದುವಿ ಆಗೀರೇನು?” ಎಂದು ಕೇಳಿದರೆ ಎಷ್ಟೋ ಜನ ಇಲ್ಲವೆನ್ನುತ್ತಾರೆ. “ನಿಮ್ಮ ಅತ್ತಿ-ಮಾವ ಮದುವಿಗಿಂತ ಮುಂಚೆ ನಿಮಗೇನಾಗಬೇಕಿತ್ತವ್ವಾ?” ಎಂದು ಕೇಳಿ. ಅತ್ತೆಯೇ ತಾಯಿಯ ತಾಯಿ ಎಂದು ಬಂದರೆ ಸೋದರಮಾವನನ್ನೇ ಮದುವೆಯಾಗಿದ್ದಾರೆ. ಆ ಗಂಡ-ಹೆಂಡತಿಯ ನಡುವೆ ಎರಡು ಗೆರೆ ಎಳೆದು, ಮಗುವಿನ ಎಕ್ಸೋಮ್ (ಪ್ರೋಟೀನಿಗೆ ಸಂಕೇತ ಒದಗಿಸುವ ಜೀನ್ ಭಾಗಗಳು) ಡೇಟಾದಲ್ಲಿ ಎರಡೂ ಪ್ರತಿ ಒಂದೇ ಆಗಿರುವ ಉದ್ದನೆಯ ಭಾಗಗಳಿಂದ ಕಾಯಿಲೆಯ ರೂಪಾಂತರದ ಹುಡುಕಾಟ ಶುರುಮಾಡಿ.